ಲಾಭ, ಎರಡು, ಮೂರು

ಧನುರ್ಮಾಸ ಹುಟ್ಟಲು ಇನ್ನೆರಡೇ ದಿನ.
ಆಮೇಲೊಂದು ತಿಂಗಳು ಲಗ್ನವಿಲ್ಲ, ಛತ್ರವಿಲ್ಲ,
ನನ್ನ ಕ್ಯಾಮೆರಾಕ್ಕೆ ಕೂಳಿಲ್ಲ.
‘ಹಂಗಾದ್ರೆ ಆಕಾಶದ್ದೊಂದು ಆರ್ಡರ್ ಹಿಡಿ’ ಅಂದಳು ಜುಬೇದಾ,
ಹೈಸ್ಕೂಲಿನ ವಿಜ್ಞಾನದ ಮೇಡಂ.
‘ಮಿಥುನದ ಕಡೆಯಿಂದ ದಿಬ್ಬಣ ಬರ್ತದೆ,
ಅಡ್ವಾನ್ಸು ಮಾತ್ರ ಕೇಳಬೇಡ.’

ತೊಣ್ಣೂರು ಕೆರೆಯ ಏರಿ ಮೇಲೆ ನಾಲ್ವರು,
ಎರಡು ಜಮಖಾನ, ಒಂದು ಫ್ಲಾಸ್ಕು.
ಹಾಲಿನ ವ್ಯಾನಿನ ಸಿಂಗ್ರಯ್ಯ ಹಂಚಿದ ಮಂಕಿ ಟೋಪಿ,
ಎಲ್ಲವೂ ಒಂದೇ ನೀಲಿ, ಡೇರಿಯವರು ಕೊಟ್ಟದ್ದು.
ಮೊಗಣ್ಣ ಆಲೆಮನೆಯಿಂದ ನೆಟ್ಟಗೆ ಬಂದಿದ್ದ,
ಅಂಗಿ ತುಂಬ ಕೊಪ್ಪರಿಗೆಯ ಹಬೆ,
ಕೈಯಲ್ಲಿ ಸೋಗೆ ಸುತ್ತಿದ ಬೆಲ್ಲ, ಇನ್ನೂ ಬೆಚ್ಚಗೆ.
ದೂರದಲ್ಲಿ ಸಕ್ಕರೆ ಕಾರ್ಖಾನೆಯ ಹಳದಿ ಮಬ್ಬು.
ಅದರ ಕಡೆ ಬೆನ್ನು ಹಾಕಿ ಕೂತೆವು.

ಮೊದಲನೆಯದು ಜಾರಿತು,
ಬೆಂಕಿಕಡ್ಡಿ ಗೀರಿ ಹತ್ತದೆ ಹೋದಂತೆ.
ಹಳೇ ಹಾಜರಿ ಪುಸ್ತಕದಲ್ಲಿ ಜುಬೇದಾ
‘ಒಂದು’ ಎಂದು ಗೀಟೆಳೆಯುವಷ್ಟರಲ್ಲಿ
‘ಒಂದಲ್ಲ ಮೇಡಂ, ಲಾಭ ಅನ್ನಿ’ ಅಂದ ಮೊಗಣ್ಣ.
ಕಣದಲ್ಲಿ ರಾಗಿ ಅಳೆದ ಬಾಯಿ,
ಆಕಾಶವನ್ನೂ ಕೊಳಗದಲ್ಲೇ ಅಳೆಯಿತು:
ಲಾಭ. ಎರಡು. ಮೂರು.
ಅವಳೂ ಹಾಗೇ ಬರೆದುಕೊಂಡಳು.

ನಾನು ಅವರ ಹಿಂದೆ, ಸ್ಟ್ಯಾಂಡಿನ ಪಕ್ಕ.
ಇಪ್ಪತ್ತು ಸೆಕೆಂಡು ತೆರೆ, ಮುಚ್ಚು, ತೆರೆ.
‘ಸ್ವಲ್ಪ ಈ ಕಡೆ ನೋಡಿ, ನಗಿ’
ಅಂತ ಯಾರಿಗೆ ಹೇಳಲಿ?
ಬಲಕ್ಕೆ ತಿರುಗಿಸಿದರೆ ಎಡಕ್ಕೆ ಜಾರುತ್ತದೆ,
ಗಂಡಿನ ಕಡೆಯವರ ಗ್ರೂಪ್ ಫೋಟೋ ತೆಗೆಯುವಾಗ
ಅತ್ತ ಧಾರೆ ಮುಗಿದುಹೋದ ಹಾಗೆ.
ಒಂದು ಸಲ ಕಬ್ಬಿನ ಟ್ರ್ಯಾಕ್ಟರು
ಹಾಡು ಹಾಕಿಕೊಂಡು ಬಂದು
ಚುಕ್ಕಿಗಳನ್ನೆಲ್ಲ ತೊಳೆದುಕೊಂಡು ಹೋಯಿತು.
ಒಂದು ಸಲ ಲೆನ್ಸಿಗೆ ಇಬ್ಬನಿ.
ಜುಬೇದಾಳ ದುಪಟ್ಟಾದಲ್ಲಿ ಒರೆಸಿದರೆ
ಅದಕ್ಕೂ ಬೆಲ್ಲ ಅಂಟಿತ್ತು.

ನಲವತ್ತೇಳರ ಮೇಲೆ ಲೆಕ್ಕ ತಪ್ಪಿತು.
ಸಿಂಗ್ರಯ್ಯ ಎರಡು ಸಲ ಗಡಿಯಾರ ನೋಡಿದ,
ನಾಲ್ಕಕ್ಕೆ ಡೇರಿ ಬಾಗಿಲಲ್ಲಿರಬೇಕು.
‘ಇನ್ನೊಂದು ಬೀಳಲಿ, ಹೊರಡ್ತೀನಿ’ ಎನ್ನುತ್ತ
ಒಂಬತ್ತು ಬೀಳಿಸಿಕೊಂಡ.

ಆಗ ಕೆರೆ ಬೆಳಗಿತು.
ಮೊದಲು ನೀರು, ಆಮೇಲೆ ಏರಿಯ ಕಲ್ಲು,
ಕಲ್ಲಿನ ಮೇಲೆ ನನ್ನದೇ ನೆರಳು, ಉದ್ದಕ್ಕೆ.
‘ಲೇ, ಅಲ್ನೋಡ್ಲಾ!’
ಮೂರು ಮುಖ ಒಟ್ಟಿಗೆ ನನ್ನ ಕಡೆ ತಿರುಗಿದವು,
ನನ್ನನ್ನಲ್ಲ, ನನ್ನ ಬೆನ್ನ ಹಿಂದಿನದನ್ನು ನೋಡುತ್ತ.
ಹಸಿರು ಬೆಳಕು ಮೂಗಿನ ಮೇಲೆ, ಹಲ್ಲಿನ ಮೇಲೆ,
ಮೊಗಣ್ಣನ ಬಾಯಲ್ಲಿ ಅರ್ಧ ಬೆಲ್ಲ.
ಹದಿನೆಂಟು ವರ್ಷ ಮದುವೆಮನೆ ಸುತ್ತಿದ್ದೇನೆ,
ಯಾರ ಮುಖವೂ ಹೀಗೆ ತೆರೆದುಕೊಂಡಿದ್ದಿಲ್ಲ.
ನೋಡುತ್ತಲೇ ನಿಂತೆ.
ತಿರುಗುವ ಹೊತ್ತಿಗೆ ಆಕಾಶದಲ್ಲಿ ಒಂದೆಳೆ ಹೊಗೆ,
ಅದೂ ಬಾಗಿ, ಬಿಟ್ಟುಕೊಂಡು.

‘ನೋಡ್ದಾ?’ ಅಂದ ಸಿಂಗ್ರಯ್ಯ.
‘ನೋಡ್ದೆ’ ಅಂದೆ.

ನಾನೂರ ಹನ್ನೆರಡು ಚಿತ್ರ, ಉಲ್ಕೆ ಒಂದರಲ್ಲೂ ಇಲ್ಲ.
ಒಂದರಲ್ಲಿ ಮಾತ್ರ
ಕೂತ ಮೂರು ಬೆನ್ನು, ಅದೇ ಬೆನ್ನುಗಳ ಮೇಲೆ
ತಿರುಗಿದ ಮೂರು ಮುಖ,
ಜುಬೇದಾಳ ಕಿವಿಯೊಳಗಿಂದ ಎರಡು ನಕ್ಷತ್ರ.
ಅಲುಗಾಡಿದ್ದನ್ನು ಗಿರಾಕಿಗೆ ಕೊಡುವುದಿಲ್ಲ ನಾನು.
ಇದನ್ನು ದೊಡ್ಡದು ಮಾಡಿಸಿ
ಸ್ಟುಡಿಯೋದಲ್ಲಿ ವಧೂವರರ ನಡುವೆ ತೂಗುಹಾಕಿದ್ದೇನೆ.

ಆಲ್ಬಂ ಆರಿಸಲು ಬಂದವರು
ಅದರ ಮುಂದೆ ನಿಲ್ಲುತ್ತಾರೆ.
‘ಯಾವ ಛತ್ರ ಇದು?’
ತೊಣ್ಣೂರು ಅಂತೀನಿ.
‘ಲೈಟಿಂಗ್ ಚೆನ್ನಾಗದೆ. ಯಾರದು?’
ಹೊರಗಿನೋರು, ಅಂತೀನಿ.